ದೊಡ್ಡ ಮಾಸ್ತರರ ನಾಟಕಕ್ಕೆ ಕೂಗಿದವರು

ಫೋನು ಬಂದ ಹೊತ್ತಿಗೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗದಿದ್ದರೆ ಇಷ್ಟು ದೊಡ್ಡ ರಾಮಾಯಣ ನಡೆಯುತ್ತಲೇ ಇರಲಿಲ್ಲ.

“ನಿಮ್ಮ ತಂದೆಯವರ... ಪಾತ್ರ... ನೀವೇ ಮಾಡ್ಬೇಕು ಸರ್... ಮಧ್ಯಾಹ್ನ ಹಳೇ ನಾಟಕ ಮಂದಿರಕ್ಕೆ ಬಂದ್ಬಿಡಿ!”

ಅಷ್ಟೇ ಕೇಳಿಸಿತು. ನಡುನಡುವಿನ ಮಾತನ್ನೆಲ್ಲ ಮಿಕ್ಸಿ ನುಣ್ಣಗೆ ರುಬ್ಬಿಹಾಕಿತ್ತು.

ಫೋನು ಹಿಡಿದು ನಿಂತವರು ಬೀಗದಂಗಡಿಯ ಮಾಲೀಕರು. ಅವರ ತಂದೆ ನಾಟಕಗಳಿಗೆ ಹಾಡು ಕಟ್ಟಿ, ರಾಗ ಕೂಡಿಸಿ, ಊರೂರು ಕುಣಿಸಿದ ಮನುಷ್ಯ. ಹಾಲು ಹಾಕುವವನೂ ಬಸ್ಸು ಓಡಿಸುವವನೂ ಇವತ್ತಿಗೂ ಆ ಹಾಡುಗಳನ್ನು ಗುನುಗುತ್ತಾರೆ. ಅವರನ್ನು ಎಲ್ಲರೂ ದೊಡ್ಡ ಮಾಸ್ತರು ಎನ್ನುತ್ತಿದ್ದುದರಿಂದ ಮಗ ಹುಟ್ಟುತ್ತಲೇ ಚಿಕ್ಕ ಮಾಸ್ತರಾದರು. ಸಂಗೀತಕ್ಕೂ ಅವರಿಗೂ ಇದ್ದ ಸಂಬಂಧ ಆ ಹೆಸರಿನಲ್ಲಿಯೇ ಶುರುವಾಗಿ ಆ ಹೆಸರಿನಲ್ಲಿಯೇ ಮುಗಿದಿತ್ತು. ಅವರು ಜೋಗುಳ ಹಾಡಿದರೆ ಮಲಗಿದ ಮಗು ಎದ್ದು ಕೂರುತ್ತಿತ್ತು. ಆದರೆ ಅಪ್ಪನ ಮೇಲಿನ ಹೆಮ್ಮೆಯಲ್ಲಿ ಮಾತ್ರ ಅವರನ್ನು ಮೀರಿಸುವವರು ಇರಲಿಲ್ಲ. ಬೀಗ ಕೊಳ್ಳಲು ಬಂದ ಗಿರಾಕಿ ಅಪ್ಪನ ಕತೆ ಪೂರ್ತಿ ಕೇಳದೆ ಬೀಗದ ಕೈ ಪಡೆದ ದಾಖಲೆಯೇ ಇಲ್ಲ.

ಈಗ ತೀರಿಹೋದ ಆ ಅಪ್ಪನ ಬದುಕಿನ ಮೇಲೆ ಸಿನಿಮಾ ಬರುತ್ತಿತ್ತು, ಅದೂ ಉದ್ದಕ್ಕೂ ಹಾಡುಗಳೇ ತುಂಬಿದ ಸಿನಿಮಾ. ನಿರ್ದೇಶಕಿ ಎಷ್ಟೋ ಸಲ ಮನೆಗೆ ಬಂದು, ಚಿಕ್ಕ ಮಾಸ್ತರರ ತಾಯಿಯ ಎದುರು ಕೂತು ಹಳೆಯ ಸಂಗತಿಗಳನ್ನು ಕೇಳಿಕೊಂಡು ಹೋಗಿದ್ದಳು.

“ಲೇ, ಕೇಳಿದ್ಯಾ! ಅಪ್ಪನ ಪಾತ್ರ ನಾನೇ ಮಾಡ್ಬೇಕಂತೆ!”

“ನೀವಾ? ಅದು ಹಾಡಿನ ಸಿನಿಮಾ ಕಣ್ರೀ,” ಎಂದಳು ಹೆಂಡತಿ.

“ರಕ್ತದಲ್ಲೇ ಇದೆ ಬಿಡು.”

ಅಂಗಡಿ ತುಂಬ ಬೀಗವಿದ್ದರೂ ಆ ಮನುಷ್ಯ ತನ್ನ ಬಾಯಿಗೊಂದು ಹಾಕಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಎದುರು ಮನೆಯವರಿಗೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಬೀದಿ ಒಳಗಿತ್ತು.

ಮೊದಲು ಬಂದವನು ಕ್ಷೌರಿಕ. “ದೊಡ್ಡ ಮಾಸ್ತರಿಗೆ ಮೀಸೆ ಎಲ್ಲಿತ್ತು? ತೆಗೀರಿ ಮೊದಲು!”

“ಅಯ್ಯೋ, ಇದು ಕಾಲೇಜಿನ ದಿನದಿಂದ ಸಾಕಿದ್ದು ಮಾರಾಯ...”

“ಅಪ್ಪ ಹೆಚ್ಚೋ, ಮೀಸೆ ಹೆಚ್ಚೋ?”

ಮೀಸೆ ಹೋಯಿತು. ಕನ್ನಡಿಯಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖವೊಂದು ಕಂಡಿತು. ಅಷ್ಟರಲ್ಲಿ ದರ್ಜಿ ಯಾವುದೋ ಗಿರಾಕಿ ಬಿಟ್ಟುಹೋದ ಉದ್ದನೆಯ ಕೋಟು ತಂದು ತೊಡಿಸಿದ. ಅದರ ತೋಳಿನಿಂದ ಬೆರಳು ಹೊರಗೆ ಬರಲು ದಾರಿ ಕೇಳಬೇಕಾಗಿತ್ತು. ಮಹಡಿ ಮೇಲಿನ ಸಂಗೀತದ ಮೇಡಂ ಇಳಿದುಬಂದು, “ಒಂದೇ ಒಂದು ಸಾಲು ಹಾಡಿ ನೋಡೋಣ,” ಎಂದರು. ಚಿಕ್ಕ ಮಾಸ್ತರು ಹಾಡಿದರು. ಮೇಡಂ ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ತೆರೆದು, “ಬಾಯಿ ಮಾತ್ರ ಆಡಿಸಿ. ದನಿ ಅವರೇ ಸೇರಿಸ್ಕೊಳ್ತಾರೆ,” ಎಂದರು.

“ಅಮ್ಮಾ, ನೀನೂ ಬಾ,” ಎಂದು ಕರೆದರೆ ತಾಯಿ ತಲೆಯಾಡಿಸಿದರು. “ಈಗ ಬೇಡಪ್ಪ. ಥಿಯೇಟರಿನಲ್ಲೇ ನೋಡ್ತೀನಿ. ನನಗೂ ಒಂದು ಲೆಕ್ಕಾಚಾರ ಇದೆ.”

ಯಾವ ಲೆಕ್ಕಾಚಾರ ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಬೀದಿಗೆ ಬೀದಿಯೇ ವ್ಯಾನು ಹತ್ತಿ ಹೊರಟಿತ್ತು.

ನಾಟಕ ಮಂದಿರದ ಒಳಗೆ ಕಾಲಿಟ್ಟ ಚಿಕ್ಕ ಮಾಸ್ತರು ಅಲ್ಲೇ ನಿಂತುಬಿಟ್ಟರು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಅಪ್ಪ ಕೂತಿದ್ದರು. ಅದೇ ಓರೆ ಕತ್ತು, ಅದೇ ಕಿವಿಯ ಹಿಂದಿನ ಪೆನ್ಸಿಲ್ಲು. ಆ ಅಪ್ಪ ತಿರುಗಿ, “ನಮಸ್ಕಾರ ಸರ್, ನಾನು ನಿಮ್ಮ ತಂದೆ ಪಾತ್ರ ಮಾಡ್ತಿರೋನು,” ಎಂದು ಕೈ ಮುಗಿದರು.

“ಹಾಗಾದ್ರೆ... ನಾನು?”

“ನಿಮ್ಮ ತಂದೆಯವರ ಸಿನಿಮಾದಲ್ಲಿ ಒಂದು ಪಾತ್ರ ನೀವೇ ಮಾಡ್ಬೇಕು ಅಂತ ಫೋನಲ್ಲೇ ಹೇಳಿದ್ನಲ್ಲ ಸರ್,” ಎಂದಳು ನಿರ್ದೇಶಕಿ. “ಪ್ರೇಕ್ಷಕ. ಮೂರನೇ ಸಾಲು. ಆದರೆ ಇಡೀ ಸಿನಿಮಾದ ತಿರುವೇ ನಿಮ್ಮ ಕೈಲಿದೆ.”

ಹಿಂದೆ ನಿಂತ ಬೀದಿ ಗೊಳ್ಳೆಂದಿತು. ಕ್ಷೌರಿಕ ಮಾತ್ರ ಚಾವಣಿ ನೋಡತೊಡಗಿದ.

ನಿರ್ದೇಶಕಿ ದೃಶ್ಯ ವಿವರಿಸಿದಳು. ದೊಡ್ಡ ಮಾಸ್ತರರ ಮೊಟ್ಟಮೊದಲ ನಾಟಕ. ರಾಣಿ ಮಗುವನ್ನು ಕಳೆದುಕೊಂಡು ಹಾಡುತ್ತಿದ್ದಾಳೆ. ನಡುವೆ ಪ್ರೇಕ್ಷಕರಲ್ಲಿ ಯಾರೋ ಎದ್ದು, “ನಿಲ್ಲಿಸಿ! ಇದು ಅಳುವ ಹಾಡಲ್ಲ, ಸುಳ್ಳು ಹಾಡು!” ಎಂದು ಕೂಗುತ್ತಾರೆ. ಆ ಅವಮಾನದಿಂದಲೇ ಮಾಸ್ತರು ಹಾಡನ್ನು ಹೊಸದಾಗಿ ಕಟ್ಟಿ ದೊಡ್ಡವರಾಗುತ್ತಾರೆ. “ಆ ಕೂಗು ನೀವು ಕೂಗ್ಬೇಕು.”

“ನಮ್ಮಪ್ಪನಿಗೆ? ನಾನು?”

“ಒಂದೇ ಸಾಲು ಸರ್.”

ನೀರಿಗೆ ಇಳಿದ ಮೇಲೆ ಚಳಿಯೇನು ಎಂದುಕೊಂಡು ಚಿಕ್ಕ ಮಾಸ್ತರು ಹೋಗಿ ಕೂತರು. ದೀಪ ಹತ್ತಿತು. ರಾಣಿ ಹಾಡಿದಳು. ಹಾರ್ಮೋನಿಯಂ ಮೇಲೆ ಅಪ್ಪನ ಬೆರಳು ಓಡಾಡಿದವು. ಅಪ್ಪ ಹೋದ ಮೇಲೆ ಆ ಕತ್ತನ್ನು, ಆ ಬೆನ್ನನ್ನು ಅವರು ನೋಡಿದ್ದು ಅದೇ ಮೊದಲು. ಕೂಗಬೇಕಾದ ಹೊತ್ತಿಗೆ ಚಿಕ್ಕ ಮಾಸ್ತರು ಎದ್ದು ನಿಂತು, “ಭೇಷ್!” ಎಂದುಬಿಟ್ಟರು.

“ಕಟ್! ಸರ್, ಬೈಬೇಕು, ಬೈಬೇಕು!”

ಎರಡನೇ ಸಲ “ನಿಲ್ಲಿಸಿ” ಎಂಬುದೇನೋ ಹೊರಟಿತು, ಬೆನ್ನಿಗೇ “ನಿಲ್ಲಿಸ್ಬೇಡಿ!” ಎಂಬುದೂ ಹೊರಟಿತು. ಮುಂದಿನ ಸಲ ಕೋಟಿನ ಅಂಚು ಕುರ್ಚಿಗೆ ಸಿಕ್ಕಿ, ಕುರ್ಚಿ ಸಮೇತ ಎದ್ದು ಮುಂದಿನ ಸಾಲಿನವರ ಮೇಲೆ ಬಿದ್ದರು. “ಯಾರಾದರೂ ಸಾಲ ತಗೊಂಡು ತಪ್ಪಿಸ್ಕೊಂಡೋರನ್ನ ನೆನೆಸ್ಕೊಳ್ಳಿ!” ಎಂದ ದರ್ಜಿ. “ಹೊಟ್ಟೆಯಿಂದ ಕೂಗಿ!” ಎಂದರು ಮೇಡಂ. ನಿರ್ದೇಶಕಿ ತಲೆ ಮೇಲೆ ಕೈ ಹೊತ್ತಳು.

ಕೊನೆಯ ಸಲ ಚಿಕ್ಕ ಮಾಸ್ತರು ಎದ್ದರು. ಬಾಯಿ ತೆರೆದರು. ದನಿಯ ಬದಲು ಕಣ್ಣೀರು ಬಂತು. ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳುತ್ತ ಚಪ್ಪಾಳೆ ತಟ್ಟಿದರು. ಮೂಗು ಒರೆಸಿಕೊಂಡು ಮತ್ತೆ ತಟ್ಟಿದರು. ಅದನ್ನು ನೋಡಿ ಹಾರ್ಮೋನಿಯಂ ಮುಂದಿನ ಅಪ್ಪನ ಕಣ್ಣೂ ತುಂಬಿತು. ರಾಣಿ ನಿಜವಾಗಿ ಅತ್ತಳು. ದೀಪ ಹಿಡಿದವರೂ ಚಹಾ ತಂದವರೂ ಚಪ್ಪಾಳೆ ತಟ್ಟಿದರು.

ನಿರ್ದೇಶಕಿ ಕಣ್ಣೊರೆಸಿಕೊಂಡಳು. “ಆಯ್ತು ಸರ್, ಸೋತೆ. ಕೂಗು ತೆಗೀತೀನಿ. ಇದನ್ನೇ ಇಟ್ಕೊಳ್ತೀನಿ.”

ವ್ಯಾನಿನ ತುಂಬ ಜಯಘೋಷ. ಚಿಕ್ಕ ಮಾಸ್ತರು ಯುದ್ಧ ಗೆದ್ದ ಸೇನಾಪತಿಯಂತೆ ಮನೆ ಬಾಗಿಲಲ್ಲಿ ಇಳಿದರು. ಬೀದಿಯೂ ಹಿಂದೆಯೇ ಒಳಗೆ ನುಗ್ಗಿತು.

“ಅಮ್ಮಾ! ಅಪ್ಪನಿಗೆ ಯಾವನೋ ಅಯೋಗ್ಯ ಕೂಗಿದ್ದನಂತಲ್ಲ, ಅದನ್ನ ಸಿನಿಮಾದಿಂದಲೇ ತೆಗೆಸಿಬಿಟ್ಟೆ!”

ತಾಯಿಯ ಕೈಯ ಲೋಟ ಟಣ್ಣೆಂದು ನೆಲಕ್ಕೆ ಬಿತ್ತು.

“ಏನಂದೆ?”

“ತೆಗೆಸಿಬಿಟ್ಟೆ ಅಂದೆ. ಅಪ್ಪನ ಮರ್ಯಾದೆ...”

“ಅಯ್ಯೋ ಮಂಕೇ! ಆ ಅಯೋಗ್ಯ ನಾನೇ ಕಣೋ!”

ತಾಯಿ ಸೊಂಟಕ್ಕೆ ಕೈ ಕೊಟ್ಟು ಎದ್ದರು. “ನಮ್ಮಪ್ಪನ ಜೊತೆ ನಾಟಕ ನೋಡೋಕೆ ಹೋಗಿದ್ದೆ. ಮಗು ಸತ್ತಿದೆ, ಹಾಡು ನೋಡಿದ್ರೆ ಮೆರವಣಿಗೆಗೆ ಹೊರಟ ಹಾಗಿದೆ! ತಡೆಯೋಕಾಗಲಿಲ್ಲ, ಎದ್ದು ಕೂಗಿದೆ. ನಾಟಕ ಮುಗಿದ ಮೇಲೆ ನಿಮ್ಮಪ್ಪ ಬಾಗಿಲಲ್ಲಿ ಕಾದು ನಿಂತು, ‘ಕೂಗಿದ್ದು ಯಾರು?’ ಅಂದ್ರು. ‘ನಾನೇ, ಏನೀಗ?’ ಅಂದೆ. ‘ಹಾಗಾದ್ರೆ ಹೇಗಿರ್ಬೇಕು, ಹೇಳಿ,’ ಅಂದ್ರು. ಅವತ್ತಿನಿಂದ ಸಾಯೋವರೆಗೂ ಒಂದು ರಾಗ ನನಗೆ ಕೇಳಿಸದೆ ರಂಗಕ್ಕೆ ತಗೊಂಡು ಹೋಗಲಿಲ್ಲ ಆ ಮನುಷ್ಯ!”

“ನಿರ್ದೇಶಕಿಗೆ ಯಾರೋ ಕೂಗಿದ್ರು ಅಂತ ಹೇಳಿದ್ಯಲ್ಲಮ್ಮ...”

“ಥಿಯೇಟರಿನಲ್ಲಿ ಆ ಕೂಗು ಬಂದ ಕೂಡಲೇ ಎದ್ದು ನಿಂತು, ಅದು ನಾನೇ ಅಂತ ಎಲ್ಲರ ಎದುರಿಗೆ ಹೇಳ್ಬೇಕು ಅಂತ ಕಾದಿದ್ದೆ. ಇಡೀ ಸಿನಿಮಾದಲ್ಲಿ ನನಗೇ ಅಂತ ಇದ್ದಿದ್ದು ಅದೊಂದು ಸಾಲು. ಅದನ್ನೂ ಅಳಿಸಿ ಬಂದ್ಯಲ್ಲೋ! ಕೊಡು ಫೋನು.”

ನಿರ್ದೇಶಕಿ ಎಲ್ಲವನ್ನೂ ಕೇಳಿ ಆ ಕಡೆಯಿಂದ ಕಿರುಚಿದ್ದು ಮನೆಯವರಿಗೆಲ್ಲ ಕೇಳಿಸಿತು. “ಅಮ್ಮಾ, ಇದನ್ನ ಯಾಕೆ ಮುಚ್ಚಿಟ್ರಿ? ನಾಳೆನೇ ಆ ದೃಶ್ಯ ಶೂಟ್ ಮಾಡ್ತೀನಿ! ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ. ನಿಮ್ಮ ಮಗ ಅತ್ತಿದ್ದೂ ಚೆನ್ನಾಗಿ ಬಂದಿದೆ, ಅದೂ ಇರಲಿ. ಅವರು ಅಳ್ತಾ ಚಪ್ಪಾಳೆ ತಟ್ತಿರ್ತಾರೆ, ಪಕ್ಕದಲ್ಲೇ ಹುಡುಗಿ ಎದ್ದು, ‘ಸ್ವರ ತಿಳಿಯದೋರು ಚಪ್ಪಾಳೆ ತಟ್ಟಬೇಡಿ!’ ಅಂತ ಅವರನ್ನ ಬೈದು, ಆಮೇಲೆ ರಂಗದ ಕಡೆ ತಿರುಗ್ತಾಳೆ. ಹೇಗಿದೆ?”

“ಅವತ್ತು ನಡೆದಿದ್ದೇ ಹಾಗಮ್ಮ,” ಎಂದರು ತಾಯಿ. “ಅಳ್ತಾ ತಟ್ಟಿದ್ದು ನಮ್ಮಪ್ಪ. ಅವರನ್ನ ಕೂರಿಸಿಯೇ ಕೂಗಿದ್ದು.”

ತಾಯಿ ಸೆರಗು ಸರಿಮಾಡಿಕೊಂಡು ನಡುಮನೆಯಲ್ಲಿ ನಿಂತರು. ಬಾಗಿದ ಬೆನ್ನು ನೆಟ್ಟಗಾಯಿತು.

“ನಿಲ್ಲಿಸಿ! ಇದು ಅಳುವ ಹಾಡಲ್ಲ, ಸುಳ್ಳು ಹಾಡು!”

ಕಿಟಕಿಯ ಗಾಜು ಝಲ್ಲೆಂದಿತು. ಮರುಕ್ಷಣ ಇಡೀ ಬೀದಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಚಿಕ್ಕ ಮಾಸ್ತರು. ಎದೆ ಉಬ್ಬಿ, ಕಣ್ಣು ಮತ್ತೆ ತುಂಬಿ ಬಂದಿತ್ತು.

ತಾಯಿ ಅವರ ಕಡೆ ತಿರುಗಿದರು. “ತಾಳ ತಪ್ಪುತ್ತಿದೆ. ಕೂತ್ಕೋ.”

ಅದು ನಾಳಿನ ದೃಶ್ಯದ ಅಭ್ಯಾಸವೋ ನಿಜವಾದ ಬೈಗುಳವೋ ತಿಳಿಯದೆ ಚಿಕ್ಕ ಮಾಸ್ತರು ಕೂತರು.