ಆಲ್ವಿನ್‌ನ ಎಡ ಮೊಣಕಾಲು

ಎಲ್ಲಕ್ಕೂ ಮೂಲ ಒಂದು ಎಲೆಕೋಸಿನ ಸುರುಳಿ. ಶುಕ್ರವಾರ ಸಂಜೆ ಚರ್ಚಿನ ನೆಲಮಾಳಿಗೆಯ ಊಟಕ್ಕೆ ತಟ್ಟೆ ತುಂಬ ಸುರುಳಿ ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದ ಬ್ರೆಂಟ್, ಜಾರಿ ಬಿದ್ದಿದ್ದ ಒಂದರ ಮೇಲೆ ಕಾಲಿಟ್ಟ. ಉಳಿದ ಒಂಬತ್ತು ಮೆಟ್ಟಿಲುಗಳನ್ನು ಅವನು ಕುಳಿತೇ ಇಳಿದ. ತಟ್ಟೆ ಉಳಿಯಿತು, ಕಣಕಾಲು ಉಳಿಯಲಿಲ್ಲ. ವಿಲೋಬೆಂಡ್ ಊರಿನ ಐಸ್ ಹಾಕಿ ತಂಡದಲ್ಲಿ ನಡುವೆ ನಿಂತು ಆಡುವ ಸೆಂಟರ್ ಎಂದು ಹೇಳಿಕೊಳ್ಳಲು ಇದ್ದವನು ಅವನೊಬ್ಬನೇ.

ಶನಿವಾರ ಬೆಳಗ್ಗೆ ಏಳಕ್ಕೆ ಕೋಚ್ ರೆಂಪೆಲ್ ಅವರ ಫೋನು ಡೇರಿಲ್ ಕುಲಿಕ್‌ಗೆ ಬಂತು. ಡೇರಿಲ್‌ಗೆ ಹದಿನೇಳು ವರ್ಷ. ಆರನೆಯ ವಯಸ್ಸಿನಿಂದ ಎಡ ವಿಂಗಿನಲ್ಲೇ, ಅಂದರೆ ಎಡ ಅಂಚಿನಲ್ಲೇ ಆಡಿದವನು. ಮೈದಾನದ ಎಡಬದಿಯ ಹಲಗೆಯಲ್ಲಿ ಎಷ್ಟು ಗೀರುಗಳಿವೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲ. ಮೈದಾನದ ನಡುಭಾಗವನ್ನು ಮಾತ್ರ ಅವನು ಬೆಂಚಿಗೆ ಹೋಗುವ ದಾರಿಯೆಂದಷ್ಟೇ ಬಲ್ಲವನು.

"ಇವತ್ತು ಸೆಂಟರ್ ಆಡ್ತೀಯೇನೋ? ನಾಲ್ಕು ಗಂಟೆ ಒಳಗೆ ಹೇಳಿಬಿಡು. ನೀನು ಆಡಿದ್ರೆ ನಿನ್ನ ಜಾಗಕ್ಕೆ ಕೋಡಿ ಬರ್ತಾನೆ. ಇಲ್ಲಾಂದ್ರೆ ಕೋಡೀನೇ ಸೆಂಟರ್. ಇನ್ನೊಂದು ವಿಷ್ಯ, ನಗರದ ಜೂನಿಯರ್ ತಂಡಕ್ಕೆ ಹುಡುಗನ್ನ ಆರಿಸೋಕೆ ಒಬ್ರು ಬರ್ತಿದಾರೆ. ಒಂದೇ ಜಾಗ ಇರೋದಂತೆ."

"ಯಾವ ಜಾಗ, ಕೋಚ್?"

"ಅದು ಗೊತ್ತಿದ್ರೆ ನಾನೇ ಹೇಳ್ತಿರ್ಲಿಲ್ವಾ?"

ಡೇರಿಲ್ ಫೋನಿಟ್ಟು ತಿರುಗಿದರೆ ಅಜ್ಜಿ ಸ್ಟೆಫಾ ಕಡುಬಿನ ಹಿಟ್ಟು ನಾದುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ನಡೂಲಿ ನಿಂತ್ಕೊ. ನಿಮ್ಮ ತಾತ ಹೀಗೇ ಯಾವಾಗ್ಲೂ ಅಂಚಲ್ಲೇ ನಿಲ್ಲೋರು. ನಮ್ಮ ಮದುವೆ ಫೋಟೋ ನೋಡು, ಅರ್ಧ ಮುಖ ಚೌಕಟ್ಟಿನ ಆಚೆ ಇದೆ."

"ನಂಗೆ ಅಂಚೇ ಗೊತ್ತಿರೋದು ಅಜ್ಜಿ."

"ತಾತನೂ ಹಾಗೇ ಅಂದಿದ್ರು."

ಹತ್ತು ಗಂಟೆಗೆ ಡೇರಿಲ್ ಕಾಫಿ ಅಂಗಡಿಗೆ ಕಾಲಿಡುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ಕುಳಿತು ಎರಡನೇ ಕಪ್ಪು ಕುಡಿಯುತ್ತಿತ್ತು. ಕಿಟಕಿ ಪಕ್ಕದ ಮೇಜಿನ ನಾಲ್ವರು ಹಿರಿಯರು ಆಗಲೇ ಮತ ಹಾಕಿ ಮುಗಿಸಿದ್ದರು. ಮೂರು ಮತ ಸೆಂಟರಿಗೆ, ಒಂದು ವಿಂಗಿಗೆ. ಆ ಒಂದು ಮತ ಕೋಡಿಯ ದೊಡ್ಡಪ್ಪನದು.

"ನೀನು ವಿಂಗ್ ಬಿಡ್ಬೇಡಪ್ಪ, ನಿನ್ನ ಒಳ್ಳೇದಕ್ಕೇ ಹೇಳೋದು," ಎಂದರು ದೊಡ್ಡಪ್ಪ.

"ಅವ್ರ ಮಾತು ಕೇಳ್ಬೇಡ ಮರಿ, ತಮ್ಮ ಹುಡುಗನ್ನ ಸೆಂಟರ್ ಮಾಡೋಕೆ ನೋಡ್ತಿದಾರೆ," ಎಂದ ಮರ್ರಿ. ಮೈದಾನದ ಮಂಜುಗಡ್ಡೆ ನಯಗೊಳಿಸುವ ಯಂತ್ರವನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದ ಅವನ ಮಾತಿಗೆ ಊರಿನಲ್ಲಿ ಪಾದ್ರಿಯ ಮಾತಿಗಿಂತ ಸ್ವಲ್ಪ ಹೆಚ್ಚೇ ತೂಕ. "ವಿಂಗಿನೋರು ಬೀದಿಗೊಬ್ರು ಸಿಗ್ತಾರೆ. ನಗರದಿಂದ ಇಷ್ಟು ದೂರ ಹಿಮದಲ್ಲಿ ಕಾರು ಓಡಿಸ್ಕೊಂಡು ಬರೋದು ಸೆಂಟರ್‌ಗೋಸ್ಕರಾನೇ."

"ಆದ್ರೆ ಪಕ್ ಬೀಳಿಸ್ದಾಗ ನಂಗೆ ಗೆಲ್ಲೋಕೆ ಬರಲ್ವಲ್ಲ!"

ಆಟ ನಿಂತು ಮತ್ತೆ ಶುರುವಾಗುವಾಗೆಲ್ಲ ಲೈನ್ಸ್‌ಮನ್ ಎಂಬ ಸಹಾಯಕ ತೀರ್ಪುಗಾರ ಎರಡು ತಂಡದ ಸೆಂಟರ್‌ಗಳ ನಡುವೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಬೀಳಿಸುತ್ತಾನೆ; ಯಾರ ಕೋಲು ಚುರುಕೋ ಅವರದು ಪಕ್. ಬೀಳುವ ಮುಂಚೆಯೇ ಸೆಂಟರ್ ಅಲುಗಾಡಿದರೆ ಆ ಸಲಕ್ಕೆ ಅವನನ್ನು ಆಚೆಗಟ್ಟುತ್ತಾರೆ, ಅವನ ಬದಲು ವಿಂಗಿನವನು ಬಂದು ನಿಲ್ಲಬೇಕು.

ಮರ್ರಿ ಆಚೀಚೆ ನೋಡಿ ಬಗ್ಗಿದ. "ಇವತ್ತಿನ ಲೈನ್ಸ್‌ಮನ್ ಆಲ್ವಿನ್. ಅವನ ಕೈ ನೋಡ್ಬೇಡ, ಪಕ್ ನೋಡ್ಬೇಡ. ಎಡ ಮೊಣಕಾಲು ನೋಡು. ಅದು ಜಗ್ಗಿದ ತಕ್ಷಣ ಪಕ್ ಬಿತ್ತು ಅಂತಲೇ ಲೆಕ್ಕ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಯಾರಿಗೂ ಹೇಳಿಲ್ಲ."

ಡೇರಿಲ್‌ನ ಅನುಮಾನವೆಲ್ಲ ಕರಗಿತು. ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದ.

ಅಡುಗೆಮನೆಯಲ್ಲಿ ತರಬೇತಿ ಶುರುವಾಯಿತು. ಅಜ್ಜಿ ಲೈನ್ಸ್‌ಮನ್, ಆಲೂಗಡ್ಡೆ ಪಕ್. ಅಜ್ಜಿ ಎಡ ಮೊಣಕಾಲು ಜಗ್ಗಿಸಿ ಆಲೂಗಡ್ಡೆ ಬಿಡುವುದು, ಡೇರಿಲ್ ಕೋಲು ಬೀಸುವುದು. ಮೊದಲನೆಯದು ಒಲೆಯ ಕೆಳಗೆ ಹೋಯಿತು. ಎರಡನೆಯದು ಬೀರುವಿನ ಗಾಜನ್ನು ಹಾದು ಅಜ್ಜಿಯ ಮದುವೆಯ ಕಾಲದ ಸಾರಿನ ಬಟ್ಟಲಿಗೆ ಹೋಯಿತು. ಸದ್ದು ಕೇಳಿ ಕಳ್ಳ ನುಗ್ಗಿದನೆಂದು ಪಕ್ಕದ ಮನೆಯ ಡೊರೀನ್ ನೆಲ ಒರೆಸುವ ಕೋಲು ಹಿಡಿದು ಬಂದಳು.

"ಬಂದ್ಯಾ? ಒಳ್ಳೇದಾಯ್ತು, ಎದುರು ತಂಡದ ಸೆಂಟರ್ ನೀನೇ," ಎಂದಳು ಅಜ್ಜಿ.

"ಆಮೇಲೆ ನನ್ನ ಸೊಂಟದ ಗತಿ?"

"ಸೊಂಟಕ್ಕೆ ಆಮೇಲೆ ಎಣ್ಣೆ ಹಚ್ತೀನಿ. ಬಗ್ಗು!"

ಡೊರೀನ್ ಬಗ್ಗಿದಳು. ಮೂರೂವರೆ ಹೊತ್ತಿಗೆ ಡೇರಿಲ್ ಒಂದರ ಹಿಂದೊಂದು ಹದಿನೆಂಟು ಆಲೂಗಡ್ಡೆ ಗೆದ್ದಿದ್ದ. ಮೊಣಕಾಲು ಜಗ್ಗಿದ್ದೇ ತಡ, ಅವನ ಕೈ ತಾನಾಗಿ ಬೀಸುತ್ತಿತ್ತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೋಚಿಗೆ ಫೋನು ಮಾಡಿದ.

"ಸೆಂಟರ್ ಆಡ್ತೀನಿ, ಕೋಚ್. ತೀರ್ಮಾನ ಆಯ್ತು."

ಆರು ಗಂಟೆಗೆ ಮೈದಾನ ಕಿಕ್ಕಿರಿದಿತ್ತು. ಮೇಲಿನ ಸಾಲಿನಲ್ಲಿ ಬೂದು ಟೋಪಿಯ ಅಪರಿಚಿತನೊಬ್ಬ ಪುಸ್ತಕ ಬಿಚ್ಚಿ ಕುಳಿತಿದ್ದ. ನಡುವೃತ್ತದಲ್ಲಿ ಡೇರಿಲ್ ಬಗ್ಗಿ ನಿಂತ. ಆಲ್ವಿನ್ ಪಕ್ ಹಿಡಿದ. ಎಡ ಮೊಣಕಾಲು ಜಗ್ಗಿತು. ಡೇರಿಲ್ ಬೀಸಿದ, ಬರೀ ಗಾಳಿಗೆ. ಪಕ್ ಇನ್ನೂ ಆಲ್ವಿನ್‌ನ ಕೈಯಲ್ಲೇ ಇತ್ತು.

"ಅಲುಗಾಡ್ದೆ ನೀನು. ಆಚೆ ಹೋಗು," ಎಂದ ಆಲ್ವಿನ್.

ಎಡ ವಿಂಗಿನಲ್ಲಿ ನಿಂತು ಆಲೂಗಡ್ಡೆ ಕರಿಯುವ ಅಂಗಡಿಯ ಕಡೆ ಮೂಗು ತಿರುಗಿಸಿದ್ದ ಕೋಡಿ ಬೆಚ್ಚಿಬಿದ್ದು ನಡುವಿಗೆ ಬಂದ. ಪಕ್ ಬಿತ್ತು. ಕೋಡಿಯ ಕೋಲು ಅಲ್ಲಿತ್ತು, ಅಷ್ಟೇ. ಪಕ್ ಅವನದಾಯಿತು.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಮೊಣಕಾಲು ಎರಡು ಬಾರಿ ಜಗ್ಗಿತು, ಡೇರಿಲ್ ಎರಡು ಬಾರಿ ಬೀಸಿದ. ಮೊದಲ ಅವಧಿ ಮುಗಿಯುವಷ್ಟರಲ್ಲಿ ಏಳು ಸಲ ಆಚೆ ಬಂದಿದ್ದ. ಕೋಡಿ ಏಳರಲ್ಲಿ ಆರು ಗೆದ್ದಿದ್ದ.

ವಿರಾಮದಲ್ಲಿ ಡೇರಿಲ್ ಯಂತ್ರದ ಹತ್ತಿರ ಓಡಿದ. "ಮರ್ರಿ ಮಾವ, ಅವರ ಕಾಲು ಸುಮ್ಮಸುಮ್ನೆ ಜಗ್ತಾ ಇದೆ!"

ಮರ್ರಿ ಹಣೆ ಚಚ್ಚಿಕೊಂಡ. "ಅಯ್ಯೋ, ಹೌದಲ್ಲ! ಜೂನ್‌ನಲ್ಲಿ ಅದೇ ಮೊಣಕಾಲಿಗೆ ಆಪರೇಷನ್ ಆಯ್ತು. ಹಣ್ಣು ತಗೊಂಡು ನೋಡೋಕೆ ಹೋಗಿದ್ದೂ ನಾನೇ."

ಎರಡನೇ ಅವಧಿಯಲ್ಲಿ ಮೊಣಕಾಲು ನೋಡಲೇಬಾರದೆಂದು ಡೇರಿಲ್ ಹಲ್ಲು ಕಚ್ಚಿ ನಿರ್ಧರಿಸಿದ. ಬಗ್ಗಿದ. ಪಕ್ ಮೇಲೆ ಕಣ್ಣು ನೆಟ್ಟ. ಅಷ್ಟರಲ್ಲಿ ಮೂರನೇ ಸಾಲಿನಿಂದ ಅಜ್ಜಿಯ ದನಿ ಮೈದಾನವನ್ನೇ ಸೀಳಿತು: "ಮೊಣಕಾಲು ನೋಡೋ!"

ಡೇರಿಲ್ ನೋಡಿದ. ಎದುರಾಳಿ ನೋಡಿದ. ಆಲ್ವಿನ್ ಕೂಡ ಬಗ್ಗಿ ತನ್ನ ಮೊಣಕಾಲನ್ನೇ ನೋಡಿಕೊಂಡ. ಅದು ಜಗ್ಗಿತು. ಡೇರಿಲ್ ಬೀಸಿದ.

"ಆಚೆ ಹೋಗು."

ವಿಲೋಬೆಂಡ್ ಮೂರು–ಒಂದರಿಂದ ಗೆದ್ದಿತು. ಡೇರಿಲ್ ಬೆಂಚಿನ ಮೇಲೆ ಸ್ಕೇಟಿನ ದಾರ ಬಿಚ್ಚುತ್ತಿದ್ದಾಗ ಬೂದು ಟೋಪಿಯವನು ಕೋಚ್ ರೆಂಪೆಲ್ ಅವರ ಹತ್ತಿರ ಬಂದ.

"ನಿಜ ಹೇಳ್ಬೇಕಂದ್ರೆ ನಾನು ಬಂದಿದ್ದು ನಿಮ್ಮ ಹನ್ನೊಂದನೇ ನಂಬರ್ ಹುಡುಗನಿಗೋಸ್ಕರ. ಹೋದ ತಿಂಗಳು ಪಕ್ಕದೂರಲ್ಲಿ ನೋಡಿದ್ದೆ, ಎಡ ವಿಂಗಲ್ಲಿ ಚೆನ್ನಾಗಿ ಆಡ್ತಿದ್ದ. ನಮ್ಮಲ್ಲಿ ಖಾಲಿ ಇರೋದು ಎಡ ವಿಂಗ್ ಒಂದೇ. ನೀವು ನೋಡಿದ್ರೆ ಅವನನ್ನ ಸೆಂಟರ್ ಮಾಡ್ಬಿಟ್ಟಿದೀರಿ. ಸೆಂಟರ್‌ಗಳು ನಮ್ಮಲ್ಲೇ ಆರು ಜನ ಕೂತಿದಾರೆ."

ಡೇರಿಲ್ ತನ್ನ ಎದೆಯ ಮೇಲಿನ ಹನ್ನೊಂದನ್ನು ನೋಡಿಕೊಂಡ.

"ಬರಿಗೈಲಿ ಹೋಗಲ್ಲ ಬಿಡಿ," ಎಂದ ಟೋಪಿಯವನು. "ಈಗ ಎಡ ವಿಂಗಲ್ಲಿ ಇದಾನಲ್ಲ, ಅವನು ಸಾಕು. ಪಕ್ ಗೆಲ್ಲೋ ವಿಂಗ್ ಆಟಗಾರ ಸಿಗೋದು ಎಷ್ಟು ಅಪರೂಪ ಗೊತ್ತಾ?"

ಕೋಡಿ ಕರಿದ ಆಲೂಗಡ್ಡೆ ತಿನ್ನುತ್ತಲೇ ಕೈ ಕುಲುಕಿದ.

ಡೇರಿಲ್ ಎದ್ದು ನಿಂತ. ಇಂಥ ಗಟ್ಟಿ ಮನಸ್ಸು ಅವನಿಗೆ ಎಂದೂ ಬಂದಿರಲಿಲ್ಲ. "ಕೋಚ್, ನಾಳೆಯಿಂದ ನಾನು ಎಡ ವಿಂಗೇ ಆಡೋದು."

"ಆಡೋಕೆ ನಂದೇನೂ ಅಡ್ಡಿ ಇಲ್ಲ. ಆದ್ರೆ ಬ್ರೆಂಟ್ ಏಳೋದು ಮಾರ್ಚ್‌ಗೆ. ಕೋಡಿ ಹೊರಟ. ಊರಲ್ಲಿ ಉಳಿದಿರೋ ಸೆಂಟರ್ ನೀನೊಬ್ಬನೇ ಕಣೋ."

ಆಗ ಅಜ್ಜಿ ಡೊರೀನ್ ಜೊತೆ ಬಂದು, ನಾಳೆ ಚರ್ಚಿನಿಂದ ಬಂದ ಮೇಲೆ ಎರಡು ಗಂಟೆಗೆ ಅಭ್ಯಾಸ, ಹೊಸ ಆಲೂಗಡ್ಡೆ ಮೂಟೆ ಹೇಳಿಯಾಗಿದೆ ಎಂದಳು. ಯಂತ್ರದಿಂದ ಮರ್ರಿ ಕೂಗಿದ: "ಬೇಜಾರು ಮಾಡ್ಕೋಬೇಡ ಮರಿ! ಇನ್ಮೇಲೆ ಅವನ ಬಲ ಮೊಣಕಾಲು ನೋಡು. ಅದು ಸುಳ್ಳು ಹೇಳಲ್ಲ!"

ಕುಂಟುತ್ತಾ ಹೊರಟಿದ್ದ ಆಲ್ವಿನ್ ಬಾಗಿಲಲ್ಲಿ ನಿಂತು ಹಿಂತಿರುಗಿದ.

"ಬಲಗಾಲಾ? ಅದಕ್ಕೂ ಬುಧವಾರ ಆಪರೇಷನ್ ಇದೆ," ಎಂದ.