ಗಚ್ಚಿ ಮೇಲಿನ ಶೆಗಡಿಯ ಅಪಘಾತ ವಹಿ

ಬಿಸಿ ವಸ್ತುವನ್ನು ಮುಟ್ಟಬಾರದು ಎಂಬುದು ಎಲ್ಲರಿಗೂ ಗೊತ್ತು. ಬಿಸಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವವರಿಗೂ ಗೊತ್ತು. ಅದಕ್ಕೇ ಇಂಥ ಪ್ರಸಂಗಗಳು ನಿಲ್ಲುವ ಮಾತೇ ಇಲ್ಲ.

ನಾನು ಪಿಂಪ್ರಿ-ಚಿಂಚವಾಡದ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರನಾಗಿದ್ದೆ. ಕಾದ ಕಬ್ಬಿಣದ ಹತ್ತಿರ ಹೇಗೆ ಹೋಗಬೇಕು, ಎಲ್ಲಿ ಹಿಡಿಯಬೇಕು, ಹಿಡಿದದ್ದನ್ನು ಎಲ್ಲಿ ಇಡಬೇಕು, ಇದೇ ನನ್ನ ಪಾಠ. ನಿವೃತ್ತಿಯಾಗಿ ಪುಣೆಯ ಕೊಂಢವಾ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತ ಮೇಲೆ ಪಾಠ ಕೇಳುವವರು ಯಾರೂ ಉಳಿಯಲಿಲ್ಲ. ಹೆಂಡತಿಗೆ ಕುಕ್ಕರಿನ ಸುರಕ್ಷತೆಯ ಬಗ್ಗೆ ಎರಡು ಮಾತು ಹೇಳಹೋದರೆ, "ಮೊದಲ ಒಂದ ಸಲ ಅನ್ನಕ್ಕ ಇಟ್ಟು ತೋರಸ್ರಿ, ಆಮ್ಯಾಲೆ ಹೇಳ್ರಿ" ಅನ್ನುತ್ತಾಳೆ. ಅವಳೂ ನಮ್ಮ ಧಾರವಾಡದವಳೇ, ಮಾತಿಗೆ ಬರವಿಲ್ಲ.

ಹೀಗಿರುವಾಗ ನಮ್ಮ ಮೇಲಿನ ಮಹಡಿಯ ಹೋಟೆಲ್ ಮಾಲೀಕರು ತಮ್ಮ ಹೋಟೆಲಿನಲ್ಲಿ ಮೂಲೆ ಸೇರಿದ್ದ ಇದ್ದಿಲಿನ ಗ್ರಿಲ್ಲೊಂದನ್ನು ತಂದು ಸೊಸೈಟಿಯ ಗಚ್ಚಿಯ ಮೇಲೆ, ಅಂದರೆ ತಾರಸಿಯ ಮೇಲೆ, ಇಟ್ಟರು. ಅವರು ಉಡುಪಿ ಕಡೆಯವರು, ನಾಲ್ಕು ಜನ ಸೇರಿದರೆ ಅಡುಗೆ ಮಾಡದೆ ಇರಲಾರರು. ಅವರು ಅದಕ್ಕೆ ಬಾರ್ಬೆಕ್ಯೂ ಅಂದರು, ಉಳಿದವರೆಲ್ಲ ಶೆಗಡಿ ಅಂದರು. ಪ್ರತಿ ಭಾನುವಾರ ಸಂಜೆ ಎಲ್ಲ ಮನೆಯವರೂ ಸೇರಿ ಬದನೆಕಾಯಿ, ಮೆಕ್ಕೆಜೋಳದ ತೆನೆ, ಪನೀರು ಸುಡುವುದೆಂದು ಮಾತಾಯಿತು.

ಚೇರ್ಮನ್ನರು ಒಪ್ಪಬೇಕಲ್ಲ. ನಮ್ಮ ಚೇರ್ಮನ್ನರು ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮರಾಠಿಗರು, ಹಳೇ ಪುಣೆಯವರು. ದಿನಕ್ಕೊಂದು ನೋಟಿಸು ಬರೆದು ಅಂಟಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಶೆಗಡಿಗೂ ಬರೆದರು. ದಸರೆಯಿಂದ ಗುಡಿಪಾಡವಾದ ತನಕ, ಅಂದರೆ ನಮ್ಮ ಯುಗಾದಿ ತನಕ, ಪರೀಕ್ಷಾ ಅವಧಿ. ಅಷ್ಟರೊಳಗೆ ಒಬ್ಬರಿಗೆ ಒಂದೇ ಒಂದು ಸುಟ್ಟ ಗಾಯವಾದರೂ ಶೆಗಡಿ ಭಂಗಾರದವನ, ಅಂದರೆ ಗುಜರಿಯವನ, ಪಾಲು. ಒಂದು ಅಪಘಾತ ವಹಿ ಇಡತಕ್ಕದ್ದು. ಸುಟ್ಟುಕೊಂಡವರು ತಾವೇ ಬಂದು ತಮ್ಮ ಹೆಸರು, ಫ್ಲ್ಯಾಟ್ ನಂಬರು, ದೇಹದ ಯಾವ ಭಾಗ ಸುಟ್ಟಿತು ಎಂಬುದನ್ನು ಬರೆಸತಕ್ಕದ್ದು. ಆ ವಿವರವನ್ನು ಒಂದು ವಾರ ನೋಟಿಸ್ ಬೋರ್ಡಿಗೆ ಹಾಕಲಾಗುವುದು. ನಾಚಿಕೆಯಾದರೆ ಮಾತ್ರ ಜನ ಹುಷಾರಾಗುತ್ತಾರೆ ಎಂಬುದು ಅವರ ನಂಬಿಕೆ.

ವಹಿಯ ಜವಾಬ್ದಾರಿ ನನಗೆ ಬಂತು. ನಿಜ ಹೇಳುತ್ತೇನೆ, ನನಗೆ ಭಾಳ ಖುಷಿಯಾಯಿತು. ಅದು ನನ್ನ ಕೊನೆಯ ನೌಕರಿ. ಶೆಗಡಿ ಹೋಯಿತೆಂದರೆ ನಾನು ಮತ್ತೆ ಕುಕ್ಕರಿನ ಹತ್ತಿರ ಹೋಗಿ ಬೈಸಿಕೊಳ್ಳುತ್ತ ನಿಲ್ಲಬೇಕು.

೧. ಅತ್ತೆಯವರ ಬೆರಳು

ಮೊದಲ ಭಾನುವಾರ ನಾನು ಶಾಸ್ತ್ರೋಕ್ತವಾಗಿ ತಯಾರಾದೆ. ಮೊಣಕೈವರೆಗೆ ತೊಗಲಿನ ಕೈಗವಸು, ಎರಡಡಿ ಉದ್ದದ ಇಕ್ಕಳ, ಕಣ್ಣಿಗೆ ಕಾರ್ಖಾನೆಯ ಕನ್ನಡಕ, ಕಾಲಿಗೆ ಬೂಟು. ಈ ಪರಿಯಲ್ಲಿ ನಿಂತು ಒಂದು ಬದನೆಕಾಯಿಯನ್ನು ಮಗ್ಗುಲು ಹೊರಳಿಸಿದೆ.

ನಮ್ಮ ಅತ್ತೆಯವರು ಆಗ ತಾನೇ ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದರು. ಐವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬರಿಗೈಲೆ ಮಗುಚಿದವರು. ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, "ಬದನಿಕಾಯಿ ಏನ್ ಕಚ್ಚತದೇನ್ರಿ ಅಳಿಯಂದ್ರ?" ಅಂದರು. ಮೇಲಾಗಿ, ತೊಗಲಿನ ಕೈಗವಸಿನಿಂದ ಮುಟ್ಟಿದ್ದನ್ನು ತಾವು ತಿನ್ನುವವರಲ್ಲ ಎಂದೂ ಹೇಳಿದರು. ಸರಿ, ಅವರಿಗೆಂದು ಬೇರೆ ಬದನೆಕಾಯಿ ಇಟ್ಟೆ. ಅದನ್ನು ಅವರು ಬೆರಳಲ್ಲೇ ಹೊರಳಿಸಿದರು. ನಾನು ವಹಿ ಹಿಡಿದುಕೊಂಡು ಪಕ್ಕದಲ್ಲೇ ನಿಂತೆ.

ಅಷ್ಟರಲ್ಲಿ ಒಂದು ಕೆಂಡ ಹೊರಗೆ ಉರುಳಿತು. ನಾನು ಇಕ್ಕಳ ತೆಗೆದುಕೊಂಡು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡು, ಪಕ್ಕದವರನ್ನು ಎರಡು ಹೆಜ್ಜೆ ಹಿಂದೆ ಸರಿಸುವುದರೊಳಗೆ ಅತ್ತೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಎಸೆದು ಮುಗಿಸಿದ್ದರು. ನಾನು ಅವರ ಕೈ ಹಿಡಿದು ನೋಡಿದೆ. ಗುಳ್ಳೆಯಿಲ್ಲ, ಕೆಂಪಿಲ್ಲ, ಏನೂ ಇಲ್ಲ.

"ಸುಡಲಿಲ್ಲೇನ್ರಿ?" ಎಂದು ಕೇಳಿದೆ.

"ಸುಡತದ. ಸುಡೂಕಿಂತ ಮೊದಲ ಬಿಡಬೇಕು, ಅಷ್ಟ."

ನಾನು ಇಪ್ಪತ್ತಾರು ವರ್ಷ ಇದೇ ವಿಷಯದ ಮೇಲೆ ವಾರಕ್ಕೆ ಎರಡು ತಾಸು ಕ್ಲಾಸು ತೆಗೆದುಕೊಳ್ಳುತ್ತಿದ್ದೆ.

೨. ಒದ್ದೆ ಟವೆಲ್ಲು

ನಮ್ಮ ಎದುರುಮನೆಯವರು ಬ್ಯಾಂಕಿನಲ್ಲಿ ಮ್ಯಾನೇಜರು. ಒಂದು ಭಾನುವಾರ ಶೆಗಡಿಯ ಮುಚ್ಚಳ ತೆಗೆಯುವ ಪಾಳಿ ಅವರಿಗೆ ಬಂತು. ಮುಚ್ಚಳದ ಹಿಡಿಕೆಯೂ ಕಬ್ಬಿಣದ್ದೇ. ಒಣ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿಯಿರಿ ಎಂದೆ. ಅವರು ನಕ್ಕು, ಒಣ ಬಟ್ಟೆಗೆ ಬೆಂಕಿ ಹತ್ತುತ್ತದೆ, ಒದ್ದೆ ಬಟ್ಟೆಗೆ ಹತ್ತುವುದಿಲ್ಲ, ಇಷ್ಟು ಸಣ್ಣ ವಿಷಯ ನಿಮಗೆ ತಿಳಿಯಲಿಲ್ಲವೇ ಎಂದು ಟವೆಲ್ಲನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿಕೊಂಡು ಬಂದರು.

ಒದ್ದೆ ಬಟ್ಟೆಯಲ್ಲಿ ಕಾದ ಕಬ್ಬಿಣ ಹಿಡಿದರೆ ನೀರೆಲ್ಲ ಉಗಿಯಾಗಿ ಸೀದಾ ಅಂಗೈಗೆ ಬರುತ್ತದೆ. ಇದನ್ನು ನಾನು ಹೇಳುತ್ತಲೇ ಇದ್ದೆ. ನನ್ನ ವಾಕ್ಯ ಮುಗಿಯುವ ಮೊದಲೇ ಮುಚ್ಚಳ ಗಚ್ಚಿಯ ಆ ತುದಿಗೆ ಉರುಳಿತು, ಮ್ಯಾನೇಜರು ಈ ತುದಿಗೆ ಓಡಿ ಕೈಯನ್ನು ನಲ್ಲಿಯ ಕೆಳಗೆ ಇಟ್ಟರು.

ಯಾರೋ ಹೋಗಿ ಚೇರ್ಮನ್ನರಿಗೆ ಸುದ್ದಿ ಮುಟ್ಟಿಸಿದರು. ಅವರು ಲಗುಬಗೆಯಿಂದ ಮೇಲೆ ಬಂದು ಮ್ಯಾನೇಜರ ಅಂಗೈಯನ್ನು ತಮ್ಮ ಮೂಗಿನ ಹತ್ತಿರ ಹಿಡಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಲಿಫ್ಟು ಅಂದು ಕೆಟ್ಟಿತ್ತು. ಐದು ಮಹಡಿ ಇಳಿದು, ಕನ್ನಡಕ ಹುಡುಕಿ, ಐದು ಮಹಡಿ ಹತ್ತಿ ಬರುವುದರೊಳಗೆ ಅರ್ಧ ತಾಸು ಹೋಯಿತು. ಅಷ್ಟು ಹೊತ್ತೂ ನಾನು ಮ್ಯಾನೇಜರ ಕೈಯನ್ನು ತಣ್ಣೀರಿನ ಕೆಳಗಿಂದ ಆಚೆ ತೆಗೆಯಲು ಬಿಡಲಿಲ್ಲ. ಪ್ರಥಮ ಚಿಕಿತ್ಸೆಯೂ ಅದೇ, ನನ್ನ ನೌಕರಿಯೂ ಅದರಲ್ಲೇ ಇತ್ತು.

ಚೇರ್ಮನ್ನರು ಏದುಸಿರು ಬಿಡುತ್ತ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆಳ್ಳಗೆ, ತಣ್ಣಗೆ ಇತ್ತು. ವಹಿಯಲ್ಲಿ ತಾವೇ ಬರೆದರು: "ತನಿಖೆಯ ವೇಳೆ ಕೆಂಪು ಹಾಜರಿರಲಿಲ್ಲ."

೩. ಕೆಂಪು ಚೀಟಿ

ಕಾರ್ಖಾನೆಯಲ್ಲಿ ಒಂದು ನಿಯಮವಿದೆ. ಅಪಾಯದ ಯಂತ್ರಕ್ಕೆ ಯಾರು ಕೆಂಪು ಚೀಟಿ ಕಟ್ಟುತ್ತಾರೋ ಅವರೇ ತಮ್ಮ ಕೈಯಿಂದ ಅದನ್ನು ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಶೆಗಡಿಗೂ ಇದನ್ನೇ ತಂದೆ. ಸುಡುವುದು ಮುಗಿದ ಮೇಲೆ ಮುಚ್ಚಳ ಪಕ್ಕಕ್ಕಿಟ್ಟು, ಕೆಂಡದ ಮೇಲಿನ ಕಬ್ಬಿಣದ ಕಂಬಿಗಳ ಜಾಳಿಗೆಗೆ "ಬಿಸಿ ಇದೆ, ಮುಟ್ಟಬೇಡಿ" ಎಂದು ಮರಾಠಿಯಲ್ಲಿ ಬರೆದ ಕೆಂಪು ಚೀಟಿ ಕಟ್ಟುವುದು, ಸೋಮವಾರ ಬೆಳಿಗ್ಗೆ ಆರಿದ್ದನ್ನು ನೋಡಿ ಬಿಚ್ಚುವುದು. ಚೇರ್ಮನ್ನರಿಗೆ ನಿಯಮ ಎಷ್ಟು ಹಿಡಿಸಿತೆಂದರೆ ಅದಕ್ಕೊಂದು ನೋಟಿಸು ಹಾಕಿದರು.

ಒಂದು ಸೋಮವಾರ ನಸುಕಿನಲ್ಲೇ ಇಂದಾಪುರಕ್ಕೆ ಹೊರಡುವುದಿತ್ತು, ಹೆಂಡತಿಯ ಚಿಕ್ಕಪ್ಪನ ಮನೆಯ ವಾಸ್ತುಶಾಂತಿ. ಬಸ್ಸಿನ ಗಡಿಬಿಡಿಯಲ್ಲಿ ಚೀಟಿ ಬಿಚ್ಚುವುದನ್ನು ಮರೆತೆ. ಗುರುವಾರ ಹೋಟೆಲ್ ಮಾಲೀಕರಿಗೆ ಊರಿಂದ ನೆಂಟರು ಬಂದರು, ಮೀನು ಸುಡಬೇಕು. ಚೇರ್ಮನ್ನರು ಶೆಗಡಿಯ ಮುಂದೆ ಅಡ್ಡ ನಿಂತರು. ಚೀಟಿ ಇದೆ, ಅಂದ ಮೇಲೆ ಶೆಗಡಿ ಬಿಸಿ ಇದೆ. ಮಾಲೀಕರು ನನಗೆ ಫೋನು ಮಾಡಿದರು.

"ಎಂತ ಮಾರಾಯ್ರೆ, ಭಾನುವಾರ ಆರಿದ ಒಲೆ ಇದು. ಮೇಲೆ ಪಾರಿವಾಳ ಕೂತಿದೆ, ಅದಕ್ಕೂ ಬಿಸಿ ಇಲ್ಲ!"

ಹಿಂದಿನಿಂದ ಚೇರ್ಮನ್ನರ ದನಿ ಕೇಳಿಸಿತು. ಪಾರಿವಾಳ ಕಮಿಟಿ ಮೆಂಬರ್ ಅಲ್ಲ, ಅದರ ಅಭಿಪ್ರಾಯ ದಾಖಲಾಗುವುದಿಲ್ಲ ಎಂದರು. ನಾನಾದರೂ ಫೋನಿನಲ್ಲಿ ಚೀಟಿ ಬಿಚ್ಚುವುದು ಹೇಗೆ? ನಿಯಮ ನನ್ನದೇ. ಪಾಪ, ಮಾಲೀಕರು ಮೀನನ್ನು ಮನೆಯ ಕಾವಲಿಯ ಮೇಲೆ ಹುರಿದುಕೊಂಡು ತಿಂದರು.

ಶನಿವಾರ ಬಂದು ನೋಡಿದರೆ ಜಾಳಿಗೆಯ ಮೇಲೆ ನಾಲ್ಕು ಕಡ್ಡಿ, ಎರಡು ಮೊಟ್ಟೆ. ಮರಿ ಹಾರಿಹೋಗುವ ತನಕ ಯಾರೂ ಮುಟ್ಟಬಾರದೆಂದು ಹೆಂಗಸರೆಲ್ಲ ತೀರ್ಮಾನ ಮಾಡಿದರು. ಐದಾರು ಭಾನುವಾರ ಶೆಗಡಿ ಬಂದ್. ಇಡೀ ಸೊಸೈಟಿಯಲ್ಲಿ ಆ ಚೀಟಿಯನ್ನು ಓದಿ ನಂಬಿದ್ದು ಚೇರ್ಮನ್ನರು ಮತ್ತು ಆ ಪಾರಿವಾಳ. ಬಿಸಿ ಇದೆ, ಯಾರೂ ಮುಟ್ಟುವುದಿಲ್ಲ ಎಂದಿದ್ದರೆ ಮೊಟ್ಟೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

೪. ಹಳದಿ ಚೌಕ

ಪಾರಿವಾಳದ ಸಂಸಾರ ಹೋದ ಮೇಲೆ ಶೆಗಡಿ ಮತ್ತೆ ಶುರುವಾಯಿತು. ಪರೀಕ್ಷಾ ಅವಧಿ ಮುಗಿಯಲು ಮೂರು ವಾರ ಉಳಿದಿತ್ತು. ವಹಿಯಲ್ಲಿ ಇನ್ನೂ ಒಂದೂ ಗಾಯವಿಲ್ಲ. ಆದರೆ ಜನರಿಗೆ ಕಾದ ಸಾಮಾನನ್ನು ಎಲ್ಲಿ ಇಡಬೇಕೆಂಬ ಖಬರೇ ಇರಲಿಲ್ಲ. ಒಬ್ಬರು ಮುಚ್ಚಳವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟರು. ಕುರ್ಚಿ ನಿಧಾನಕ್ಕೆ ಬಾಗಿ, ನಮಸ್ಕಾರ ಮಾಡಿ, ಕೆಳಗೆ ಕೂತುಬಿಟ್ಟಿತು.

ಆಗ ನಾನು ಗಚ್ಚಿಯ ಕಲ್ಲುಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆದೆ. ಕಾದ ಜಾಳಿಗೆ, ಮುಚ್ಚಳ, ಬೂದಿಯ ತಟ್ಟೆ, ಏನೇ ಇರಲಿ, ಆ ಚೌಕದೊಳಗೇ ಇಡಬೇಕು. ಕಾರ್ಖಾನೆಯಲ್ಲಿ ಹೀಗೇ ಮಾಡುತ್ತೇವೆ. ಒಳಗೆ "ಬಿಸಿ ಸಾಮಾನಿನ ಜಾಗ" ಎಂದು ಬರೆಯಲು ಕುಂಚ ಎತ್ತಿದೆ. ಏನು ಬರೆಯುತ್ತೇನೆಂದು ಕೇಳದೆಯೇ ಚೇರ್ಮನ್ನರು ತಡೆದರು. ಸೊಸೈಟಿಯ ಗೋಡೆ, ನೆಲ, ಕಟ್ಟೆಯ ಮೇಲೆ ಯಾವ ಅಕ್ಷರ ಬರೆಯಬೇಕಾದರೂ ಕಮಿಟಿಯ ಮಂಜೂರಾತಿ ಬೇಕು. ಗೆರೆಗೆ ಬೇಡ, ಅಕ್ಷರಕ್ಕೆ ಬೇಕು. ಅರ್ಜಿ ಕೊಟ್ಟೆ. ಅರ್ಜಿ ಬಿಚ್ಚದ ಲಕೋಟೆಯಲ್ಲೇ ಅವರ ಮೇಜಿನ ಮೇಲೆ ಕೂತಿತು. ಚೌಕ ಖಾಲಿಯಾಗಿಯೇ ಉಳಿಯಿತು.

ಗುಡಿಪಾಡವಾದ ಹಿಂದಿನ ಭಾನುವಾರ ಕೊನೆಯ ತಪಾಸಣೆ. ಐದೂವರೆಗೆಲ್ಲ ಎಲ್ಲ ಮನೆಯವರೂ ಗಚ್ಚಿಯ ಮೇಲೆ ಸೇರಿದ್ದರು. ತೆನೆ ಸುಟ್ಟು ಮುಗಿದಿತ್ತು. ಜಾಳಿಗೆಯನ್ನು ನಾನೇ ಇಕ್ಕಳದಿಂದ ಎತ್ತಿ ಹಳದಿ ಚೌಕದಲ್ಲಿ ಇಟ್ಟಿದ್ದೆ. ಹತ್ತು ನಿಮಿಷದ ಮೇಲೆ ಹೋಟೆಲ್ ಮಾಲೀಕರು ಅದನ್ನು ತೊಳೆಯಲೆಂದು ನಲ್ಲಿಯ ಕಡೆ ಒಯ್ದರು. ಕಲ್ಲು ತನ್ನ ಪಾಲಿನ ಬಿಸಿಯನ್ನು ಇಟ್ಟುಕೊಂಡಿತ್ತು, ಮಸಿಯ ಗೆರೆಗಳನ್ನೂ. ನಾನು ವಹಿಯ ಪುಟ ತಿರುವುತ್ತಿದ್ದೆ.

ಚೇರ್ಮನ್ನರು ಬಂದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಗಿಡ್ಡ ಅಂಗಿ. ಸುತ್ತ ನೋಡಿದರು. ಇದ್ದ ಕುರ್ಚಿಗಳೆಲ್ಲ ಭರ್ತಿ. ಕಟ್ಟೆಯ ಮೇಲೆ ಹಳದಿ ಗೆರೆಯೊಳಗೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಖಾಲಿ. ನಮ್ಮ ಸೊಸೈಟಿಯಲ್ಲಿ ಹಳದಿ ಗೆರೆ ಹಾಕಿದ ಜಾಗ ಅಂದರೆ ಕಾಯ್ದಿರಿಸಿದ್ದು. ಕೆಳಗಡೆ ಅವರ ಸ್ಕೂಟರಿಗೂ ಅಂಥದೇ ಚೌಕ ಇದೆ. ಅಂತೂ ತಮಗೊಂದು ಜಾಗ ಇಡಬೇಕೆಂದು ಯಾರಿಗೋ ಒಬ್ಬರಿಗೆ ತಿಳಿಯಿತಲ್ಲ ಎನ್ನುವ ಸಮಾಧಾನ ಅವರ ಮುಖದಲ್ಲಿ ಕಂಡಿತು. ನಾನು "ಸರ್" ಅನ್ನುವುದರೊಳಗೆ ಕೂತೇಬಿಟ್ಟರು.

ಒಂದು ಕ್ಷಣ ಏನೂ ಆಗಲಿಲ್ಲ. ಎರಡನೆಯ ಕ್ಷಣಕ್ಕೆ ಅವರ ಹುಬ್ಬು ಮೇಲೆ ಹೋಯಿತು. ಮೂರನೆಯದಕ್ಕೆ ಅವರೇ ಮೇಲೆ ಹೋದರು. ಕೂಗಲಿಲ್ಲ, ಅದು ಅವರ ದೊಡ್ಡತನ. ನಿಂತಲ್ಲೇ ಅಂಗಿಯ ಅಂಚನ್ನು ಕೆಳಗೆ ಎಳೆದುಕೊಂಡು, ತಾವು ಇಂದು ನಿಂತೇ ಸಭೆ ನಡೆಸುವುದಾಗಿ ಹೇಳಿದರು.

ಆರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಮೂರು ಕ್ಷಣದಲ್ಲಿ ಹೋಯಿತು. ಇನ್ನು ಶೆಗಡಿ ಭಂಗಾರಕ್ಕೆ, ನಾನು ಕುಕ್ಕರಿಗೆ. ಆದರೆ ಕರ್ತವ್ಯ ಕರ್ತವ್ಯವೇ. ವಹಿ ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು, ಇಂದು ಯಾರಾದರೂ ಏನಾದರೂ ಬರೆಸುವುದು ಇದೆಯೇ ಎಂದು ಕೇಳಿದೆ. ಅವರದೇ ನಿಯಮದಂತೆ ಕಲಮುಗಳನ್ನು ಗಟ್ಟಿಯಾಗಿ ಓದಿದೆ. ಹೆಸರು. ಫ್ಲ್ಯಾಟ್ ನಂಬರು. ದೇಹದ ಯಾವ ಭಾಗ. ನೋಟಿಸ್ ಬೋರ್ಡಿನ ಮೇಲೆ ಒಂದು ವಾರ.

ಎಲ್ಲರೂ ಚೇರ್ಮನ್ನರನ್ನೇ ನೋಡುತ್ತಿದ್ದರು. ಅವರು ನೋಟಿಸ್ ಬೋರ್ಡಿನ ವಿಚಾರವನ್ನೇ ಮಾಡುತ್ತಿದ್ದರೆಂದು ಕಾಣುತ್ತದೆ.

"ಬರೆಯಿರಿ," ಅಂದರು. "ಆರು ತಿಂಗಳಲ್ಲಿ ಒಂದೂ ಅಪಘಾತವಿಲ್ಲ. ಶೆಗಡಿ ಕಾಯಂ."

ಬರೆದೆ. ಇಪ್ಪತ್ತಾರು ವರ್ಷದಲ್ಲಿ ಸುಳ್ಳು ವರದಿ ಬರೆದವನಲ್ಲ ನಾನು. ಆದರೆ ಸುಟ್ಟುಕೊಂಡವರು ತಾವೇ ಬಂದು ಹೇಳಬೇಕೆಂಬುದು ನಿಯಮ, ಯಾರೂ ಬಂದು ಹೇಳಲಿಲ್ಲ. ಚೇರ್ಮನ್ನರು ವಹಿಯನ್ನು ಅಂಗೈಯ ಮೇಲಿಟ್ಟುಕೊಂಡೇ ಸಹಿ ಹಾಕಲು ಹೋದರು. ಕೆಳಗೆ ಗಟ್ಟಿ ಆಸರೆಯಿಲ್ಲದೆ ಪೆನ್ನು ಮೂಡಲಿಲ್ಲ. ಸಹಿ ನಾಳೆ ಹಾಕುತ್ತೇನೆ, ಹಳದಿ ಚೌಕದ ಅಕ್ಷರಕ್ಕೆ ಮಾತ್ರ ಈ ಕ್ಷಣದಿಂದ ಮಂಜೂರಾತಿ ಇದೆ, ದೊಡ್ಡದಾಗಿ ಬರೆಯಿರಿ ಎಂದು ಹೇಳಿ ಮೆಟ್ಟಿಲ ಕಡೆ ತಿರುಗಿದರು.

ತಿರುಗಿದಾಗಲೇ ನಮಗೆ ಕಂಡದ್ದು. ಬಿಳಿ ಪೈಜಾಮದ ಹಿಂಭಾಗದಲ್ಲಿ ಜಾಳಿಗೆಯ ಕಪ್ಪು ಗೆರೆಗಳು, ಅಡ್ಡ ಉದ್ದ, ಒಂದೂ ತಪ್ಪದಂತೆ ಅಚ್ಚಾಗಿದ್ದವು. ಅತ್ತೆಯವರು ತೆನೆ ತಿನ್ನುವುದನ್ನು ನಿಲ್ಲಿಸಿ, ಅವರು ಮೆಟ್ಟಿಲು ಇಳಿಯುವ ತನಕ ನೋಡಿ, ನನ್ನ ಕಡೆ ಬಾಗಿದರು.

"ಸಹಿಗೆ ನಾಳಿ ತನಕ ಯಾಕ ಕಾಯತೀರಿ ಅಳಿಯಂದ್ರ? ಶೆಗಡಿ ತನ್ನ ಸಹಿ ಹಾಕಿ ಕಳಸ್ಯದ ನೋಡ್ರಿ."