ಹನೋಯ್‌ನಲ್ಲಿ ನನ್ನ ದಾಟಾಟ

“ಗೈಡೂ ಬೇಡ, ಗೀಡೂ ಬೇಡ. ಹನೋಯ್ ಪಟ್ಟಣಾನ ನಿಮಗೆ ನಾನೇ ತೋರಿಸ್ತೀನಿ!” ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಸಾರಿನ ಬಟ್ಟಲು ಎಗರಿ ನನ್ನ ತೊಡೆಯ ಮೇಲೇ ಮಗುಚಿಕೊಂಡಿತು. ಅದನ್ನು ಎಚ್ಚರಿಕೆ ಎಂದು ತಿಳಿಯುವಷ್ಟು ಬುದ್ಧಿ ಅಂದು ನನಗಿರಲಿಲ್ಲ.

ನಾನು ಚಲುವರಾಜು. ಹುಟ್ಟಿದ್ದು ನಂಜನಗೂಡು, ಅನ್ನ ತಿನ್ನುತ್ತಿರುವುದು ಒಮಾನಿನ ಸುವೈಕ್‌ನಲ್ಲಿ. ಹದಿಮೂರು ವರ್ಷದಿಂದ ಪೈಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ಟಿಲ್ಲದ ತಲೆ ಕಂಡರೆ ನನ್ನ ಮೈ ಉರಿಯುತ್ತದೆ. ಮೆಟ್ಟಿಲ ಕಂಬಿ ಹಿಡಿಯದೆ ಇಳಿದ ಮ್ಯಾನೇಜರನನ್ನು ವಾಪಸ್ಸು ಹತ್ತಿಸಿ, ಮತ್ತೆ ಇಳಿಸಿದ ವೀರ ನಾನು!

ಈದ್ ರಜೆಗೆ ವಿಯೆಟ್ನಾಮಿಗೆ ಹೊರಟಿದ್ದೇವೆ ಎಂದಾಗ ಸಹೋದ್ಯೋಗಿ ಲತೇಶ್ ಒಂದು ಬುದ್ಧಿಮಾತು ಹೇಳಿದ್ದ. ಅವನು ಮಂಗಳೂರಿನವನು, ಹೋದ ವರ್ಷ ಅಲ್ಲಿಗೆ ಹೋಗಿ ಬಂದವನು.

“ಒಂದು ಗೈಡ್ ತಗೊಳ್ಳಿ ಮಾರಾಯ್ರೆ. ಅಲ್ಲಿ ರೋಡ್ ದಾಟುದೇ ದೊಡ್ಡ ಕೆಲಸ ಉಂಟು.”

“ಸೇಫ್ಟಿ ಆಫೀಸರಿಗೇ ರೋಡ್ ದಾಟೋದು ಹೇಳಿಕೊಡ್ತೀಯೇನಪ್ಪಾ?” ಎಂದು ನಾನು ನಕ್ಕೆ. ಅವನೂ ನಕ್ಕ. ಅವನ ನಗು ಬೇರೆ ಜಾತಿಯದು ಎಂದು ಆಮೇಲೆ ತಿಳಿಯಿತು.

ಸುವೈಕ್‌ನಲ್ಲಿ ನಮಗೆ ರಸ್ತೆ ದಾಟುವುದೆಂದರೆ ಮನೆಯಂಗಳ ದಾಟಿದ ಹಾಗೆ. ಬಿಳಿಪಟ್ಟೆಯ ಮೇಲೆ ಒಂದು ಪಾದ ಇಟ್ಟರೆ ಸಾಕು, ಆನೆಯಂಥ ಕಾರು ಗಕ್ಕನೆ ನಿಲ್ಲುತ್ತದೆ. ಒಳಗಿರುವ ಒಮಾನಿ ಅಜ್ಜ ಕೈಯೆತ್ತಿ ಹೋಗು ಹೋಗು ಎನ್ನುತ್ತಾನೆ. ನಮ್ಮ ಬೀದಿಯ ಆಡುಗಳಿಗೂ ಅಷ್ಟೇ ಮರ್ಯಾದೆ.

ಆದರೂ ನನ್ನ ತಯಾರಿಯಲ್ಲಿ ಕೊರತೆಯಿರಲಿಲ್ಲ. ನಾಲ್ವರಿಗೂ ಗಿಳಿಹಸಿರು ಟೋಪಿ. ನನ್ನ ಕೊರಳಲ್ಲಿ ಸೀಟಿ, ಕೈಯಲ್ಲಿ ತುದಿಗೆ ಕೆಂಪು ಬಟ್ಟೆ ಕಟ್ಟಿದ ಕೊಡೆ. ಹನೋಯ್ ಹೋಟೆಲಿನ ಪಡಸಾಲೆಯಲ್ಲಿ ಮೊದಲ ದಿನ ಬೆಳಿಗ್ಗೆಯೇ ಕುಟುಂಬವನ್ನು ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಸುರಕ್ಷತಾ ಭಾಷಣ ಮಾಡಿದೆ.

“ಟೋಪಿ ತೆಗೀಬಾರದು. ಗುಂಪಿನಲ್ಲಿ ಯಾರೇ ತಪ್ಪಿಹೋದ್ರೂ ಈ ಬಣ್ಣ ನೋಡಿ ಪಟ್ಟಂತ ಹಿಡೀಬಹುದು!”

“ಅಪ್ಪಾ, ದಿಸ್ ಈಸ್ ಸೋ ಎಂಬರ್ರಾಸಿಂಗ್,” ಎಂದ ಹದಿಮೂರರ ಮಗ ತೇಜಸ್ವಿ.

ಏಳು ವರ್ಷದ ದಿಶಾ ಮಾತ್ರ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, “ಯಲ್ಲಾ ಅಪ್ಪಾ, ಯಲ್ಲಾ!” ಎಂದು ಹೊರಡಲು ಅರಬ್ಬಿಯಲ್ಲೇ ಅವಸರಿಸುತ್ತ ಕುಣಿದಳು.

ಹೆಂಡತಿ ರತ್ನಪ್ರಭಾ ನಿಟ್ಟುಸಿರು ಬಿಟ್ಟಳು. “ಭಾಷಣ ಮುಗೀತಾ? ನಿಂತೂ ನಿಂತೂ ಸಾಕಾಯ್ತು. ಇದು ಹನೋಯ್ ಅಲ್ಲ ರೀ, ಕಾಲ್ನೋಯ್!”

ನೂರು ಹೆಜ್ಜೆ ನಡೆದೆವು. ಎದುರಿಗೆ ಪಟ್ಟಣದ ನಡುವಿನ ಸರೋವರ. ಹಸಿರು ನೀರು, ನೀರಿಗೆ ಬಾಗಿದ ಮರಗಳು, ಕೆಂಪು ಸೇತುವೆ. ಅದಕ್ಕೂ ನಮಗೂ ಮಧ್ಯೆ ಒಂದೇ ಒಂದು ರಸ್ತೆ.

ರಸ್ತೆ ಎಂದೆನೆ? ತಪ್ಪಾಯಿತು. ಅದು ಪ್ರವಾಹ! ಕಾವೇರಿಯ ಮಹಾಪೂರ ನೋಡಿದವನು ನಾನು, ಆದರೆ ಅದರಲ್ಲಿ ಹಾರ್ನು ಇರಲಿಲ್ಲ. ಸ್ಕೂಟರುಗಳು ಸಾವಿರಗಟ್ಟಲೆ ಬರುತ್ತಿದ್ದವು, ಒಂದರ ಕಿವಿಗೆ ಇನ್ನೊಂದರ ಬಾಯಿ ತಾಗುವಂತೆ. ಒಂದರ ಹಿಂದೆ ನಿಂತುಕೊಂಡೇ ಸವಾರಿ ಹೊರಟ ಫ್ರಿಜ್ಜು. ಇನ್ನೊಂದರಲ್ಲಿ ಅಪ್ಪ, ಅಮ್ಮ, ಮೂರು ಮಕ್ಕಳು, ಮೇಲೊಂದು ನಾಯಿ. ಆಳೆತ್ತರದ ಕನ್ನಡಿ ಹಿಡಿದು ಕೂತವನೊಬ್ಬ ಹಾದುಹೋದ. ಅದರಲ್ಲಿ ಬಾಯಿ ತೆರೆದು ನಿಂತ ನನ್ನ ಮುಖ ಕಂಡು ಮಾಯವಾಯಿತು. ನೀರು ತುಂಬಿದ ನೂರಾರು ಪ್ಲಾಸ್ಟಿಕ್ ಚೀಲಗಳಲ್ಲಿ ಹೊನ್ನಿನ ಬಣ್ಣದ ಮೀನುಗಳನ್ನು ಹೊತ್ತ ಸ್ಕೂಟರೊಂದು, ಬಿಸಿಲಲ್ಲಿ ಇಡೀ ದೇವಲೋಕವೇ ಹೊರಟಂತೆ ಮಿನುಗುತ್ತ ಸಾಗಿತು. ಒಂದು ಇನ್ನೊಂದಕ್ಕೆ ತಾಗಲಿಲ್ಲ! ಯಾರೂ ಯಾರನ್ನೂ ಬಯ್ಯಲಿಲ್ಲ!

ನಾನು ಬಿಳಿಪಟ್ಟೆಯ ಮೇಲೆ ಗಂಭೀರವಾಗಿ ಒಂದು ಪಾದ ಇಟ್ಟೆ. ಯಾರೂ ನಿಲ್ಲಲಿಲ್ಲ. ಪಾದ ವಾಪಸ್ಸು ಪಡೆದೆ.

“ಗ್ಯಾಪ್ ಬರಲಿ. ಗ್ಯಾಪ್ ಬಂದ ತಕ್ಷಣ ದಾಟೋಣ,” ಎಂದೆ.

ಕಾಲು ಗಂಟೆ ಕಳೆಯಿತು. ಗ್ಯಾಪು ಆ ದೇಶದಲ್ಲೇ ಇದ್ದಂತಿರಲಿಲ್ಲ.

“ಏನ್ರೀ, ಆ ನೀರು ನೋಡೋ ಯೋಗ ನಮಗಿದೆಯಾ, ಇಲ್ಲಾ ಫೋಟೋದಲ್ಲೇ ನೋಡಿಕೊಳ್ಳೋದಾ?”

ಗಂಡಸಿನ ಮಾನಕ್ಕೆ ಪೆಟ್ಟು ಬಿತ್ತು. ಕೊಡೆಯನ್ನು ಆಕಾಶಕ್ಕೆತ್ತಿ, ಸೀಟಿಯನ್ನು ಬಾಯಿಗಿಟ್ಟು, ಪ್ರವಾಹವೇ ನಿಲ್ಲು ಎಂಬಂತೆ ಊದಿದೆ: ಪೀ...ಪ್!

ಒಂದು ಸ್ಕೂಟರೂ ನಿಲ್ಲಲಿಲ್ಲ. ಬದಲಿಗೆ ಹಿಂದಿನಿಂದ ದಬದಬ ಹೆಜ್ಜೆಗಳ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಇಪ್ಪತ್ತಕ್ಕೂ ಮಿಕ್ಕಿ ಕೊರಿಯಾದ ಅಜ್ಜ ಅಜ್ಜಿಯರು, ಎದೆಯ ಮೇಲೆ ಪ್ರವಾಸಿ ತಂಡದ ಬಿಲ್ಲೆ, ತಲೆಯ ಮೇಲೆ ನಮ್ಮವೇ ಎನ್ನುವಂಥ ಗಿಳಿಹಸಿರು ಟೋಪಿ! ಅವರ ಗೈಡ್ ಎಲ್ಲೋ ಟಿಕೆಟ್ ತರಲು ಹೋಗಿದ್ದನಂತೆ. ಸೀಟಿ ಕೇಳಿ, ಕೆಂಪು ಬಟ್ಟೆ ಕಂಡು, ಅವನೇ ಕರೆದನೆಂದು ಎಲ್ಲರೂ ಬಂದು ನನ್ನ ಬೆನ್ನ ಹಿಂದೆ ಶಿಸ್ತಾಗಿ ಸಾಲು ನಿಂತಿದ್ದರು.

“ಅಯ್ಯೋ, ನಾನಲ್ಲ! ನೋ ಗೈಡ್! ನೋ ಗೈಡ್!” ಎಂದು ಕೊಡೆ ಬೀಸಿದೆ.

ಅವರೆಲ್ಲ ಒಟ್ಟಾಗಿ ತಲೆಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಅವರು ಇನ್ನೂ ಸ್ವಲ್ಪ ಬಾಗಿದರು. ಈ ಬಾಗುವ ಪಂದ್ಯ ನಡೆಯುತ್ತಿರುವಾಗ ರತ್ನಪ್ರಭಾಳ ದನಿ ಕೇಳಿತು. ಆ ದನಿಯಲ್ಲಿ ತಮಾಷೆಯಿರಲಿಲ್ಲ.

“ರೀ... ದಿಶಾ ಎಲ್ಲಿ?”

ಪಟ್ಟಂತ ಬಣ್ಣ ನೋಡಿ ಹಿಡಿಯಬೇಕಲ್ಲ! ಸುತ್ತಲೂ ಗಿಳಿಹಸಿರು. ಗಿಡ್ಡನೆಯ ಟೋಪಿ ಕಂಡಲ್ಲೆಲ್ಲ ನುಗ್ಗಿದೆ. ಒಂದರ ಕೆಳಗೆ ಬೊಚ್ಚುಬಾಯಿ ಅಜ್ಜಿ. ಮತ್ತೊಂದರ ಕೆಳಗೆ ಇನ್ನೂ ಬೊಚ್ಚಾದ ಅಜ್ಜ. ತೇಜಸ್ವಿ, ಇಂಗ್ಲಿಷೆಲ್ಲ ಮರೆತು, “ದಿಶಾ! ಲೇ ದಿಶಾ!” ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದ.

“ಅಪ್ಪಾ! ಅಲ್ಲಿ!”

ಅವನು ತೋರಿಸಿದ್ದು ರಸ್ತೆಯ ಆಚೆಗೆ.

ಪ್ರವಾಹದ ಆ ದಡದಲ್ಲಿ, ಸರೋವರದ ಕಟ್ಟೆಯ ಹತ್ತಿರ, ಹಿಂದುಮುಂದಾದ ಟೋಪಿಯ ನನ್ನ ಮಗಳು ನಿಂತಿದ್ದಳು. ಪಕ್ಕದಲ್ಲಿ ಹೆಗಲ ಮೇಲೆ ಬಿದಿರಿನ ದಬ್ಬೆ, ದಬ್ಬೆಯ ಎರಡು ತುದಿಗೂ ಹಣ್ಣಿನ ಬುಟ್ಟಿ ತೂಗುಹಾಕಿಕೊಂಡ ಮುದುಕಿಯೊಬ್ಬಳು. ಆಕೆ ರಸ್ತೆಗಿಳಿದದ್ದನ್ನು ಕಂಡು, ಇವಳು ಆಕೆಯ ಬುಟ್ಟಿಯ ಹಗ್ಗ ಹಿಡಿದು ಹಿಂದೆಯೇ ನಡೆದುಬಿಟ್ಟಿದ್ದಾಳೆ! ಈಗ ನಮಗೆ ಕೈ ಬೀಸುತ್ತಿದ್ದಾಳೆ.

ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ನುಗ್ಗಬೇಕೆಂದು ಮನಸ್ಸು ಹಾರಿತು, ಕಾಲು ಹಾರಲಿಲ್ಲ. ಎರಡು ಸಲ ಕೆಳಗಿಳಿದೆ, ಎರಡು ಸಲವೂ ಹಾರ್ನಿಗೆ ಬೆಚ್ಚಿ ಹಿಂದಕ್ಕೆ ಜಿಗಿದೆ. ನೂರಾರು ಜನರಿಗೆ ಸುರಕ್ಷತೆಯ ಪಾಠ ಹೇಳಿದ ಮನುಷ್ಯ, ತನ್ನ ಮಗಳ ಬಳಿಗೆ ಹೋಗಲಾರದೆ ಕಲ್ಲಂಚಿನ ಮೇಲೆ ಕೊಡೆ ಹಿಡಿದು ನಿಂತಿದ್ದ. ನಗಬೇಡಿ. ಅಂಥ ಹೆದರಿಕೆ ನನಗೆ ಆವರೆಗೆ ಗೊತ್ತಿರಲಿಲ್ಲ.

“ಅಲ್ಲೇ ನಿಲ್ಲು ಪುಟ್ಟೀ! ಬರಬೇಡ!” ಎಂದು ರತ್ನಪ್ರಭಾ ಕಿರುಚಿದಳು.

ಆ ಗದ್ದಲದಲ್ಲಿ ದಿಶಾಗೆ ಕೇಳಿಸಿದ್ದು ‘ಬಾ’ ಒಂದೇ. ಮುದುಕಿ ಬುಟ್ಟಿಗಳನ್ನು ಅಲ್ಲೇ ಇಳಿಸಿದಳು. ಅವಳ ಕೈ ಹಿಡಿದಳು. ಇಬ್ಬರೂ ರಸ್ತೆಗಿಳಿದರು.

ಅವರು ಓಡಲಿಲ್ಲ. ನಿಲ್ಲಲೂ ಇಲ್ಲ. ಸಂತೆಗೆ ಹೊರಟವರಂತೆ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರು. ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ! ಆ ಸಾವಿರ ಸ್ಕೂಟರುಗಳು, ಹೊಳೆಯ ನೀರು ಬಂಡೆಯನ್ನು ಬಳಸುವಂತೆ, ಅವರ ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ ಸರಿದು ಹರಿದವು. ಇನ್ನೊಂದು ಫ್ರಿಜ್ಜು ಹೊತ್ತವನೂ ಬಾಗಿದ, ಮೊಟ್ಟೆ ಹೊತ್ತವಳೂ ಬಾಗಿದಳು. ಒಬ್ಬೊಬ್ಬರ ಕಣ್ಣೂ ಆ ಪುಟ್ಟ ಹಸಿರು ಟೋಪಿಯ ಮೇಲಿತ್ತು. ಇಡೀ ಪಟ್ಟಣವೇ ಎಚ್ಚರವಾಗಿ ನನ್ನ ಮಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಂತೆ ಅನ್ನಿಸಿತು. ನನ್ನ ಬೆನ್ನ ಹಿಂದೆ ಕೊರಿಯಾದ ಅಜ್ಜಿಯರು ಉಸಿರು ಹಿಡಿದು ನಿಂತಿದ್ದರು.

ಈ ದಡ ಮುಟ್ಟಿದವಳನ್ನು ರತ್ನಪ್ರಭಾ ಬಾಚಿ ತಬ್ಬಿಕೊಂಡಳು, ಬೆನ್ನಿಗೊಂದು ಗುದ್ದಿದಳು, ಮತ್ತೆ ತಬ್ಬಿಕೊಂಡಳು.

“ಹೇಳದೆ ಹೋಗ್ತೀಯಾ? ಹೋಗ್ತೀಯಾ?”

“ಸಾರಿ ಅಮ್ಮಾ. ಅಪ್ಪಾನೂ ಬರ್ತಿದ್ದಾರೆ ಅಂದ್ಕೊಂಡೆ.” ದಿಶಾ ನನ್ನ ಕಡೆ ತಿರುಗಿದಳು. “ಇಟ್ಸ್ ಈಸಿ ಅಪ್ಪಾ. ನಿಲ್ಲಬಾರದು, ಓಡಬಾರದು. ಸ್ಲೋ ಆಗಿ ನಡೀಬೇಕು ಅಷ್ಟೆ. ಅವ್ರೆಲ್ಲ ನಮ್ಮನ್ನ ನೋಡ್ತಾರೆ.”

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊಡೆಯನ್ನು ಕೈಯಿಂದ ಕಿತ್ತುಕೊಂಡು ತನ್ನ ಕಂಕುಳಿಗೆ ಸಿಕ್ಕಿಸಿದಳು. ನನ್ನ ಬಲಗೈ ತಾನು ಹಿಡಿದಳು. ಎಡಗೈಯನ್ನು ದಿಶಾಗೆ ವಹಿಸಿದಳು.

ದಾಟಿದೆವು. ಹೇಗೆಂದು ಕೇಳಬೇಡಿ, ನಾನು ನೋಡಲಿಲ್ಲ.

“ಅಪ್ಪಾ, ಕಣ್ಣು ಬಿಡಿ!”

“ಆಮೇಲೆ ಬಿಡ್ತೀನಿ ಪುಟ್ಟೀ!”

ಹಿಂದೆ ರತ್ನಪ್ರಭಾ, ತೇಜಸ್ವಿ. ಅವರ ಹಿಂದೆ ಕೈ ಕೈ ಹಿಡಿದ ಇಡೀ ಕೊರಿಯಾ. ಆಚೆ ದಡ ತಲುಪಿದಾಗ ಅಜ್ಜ ಅಜ್ಜಿಯರು ಮಕ್ಕಳ ಹಾಗೆ ಕೂಗಿ ಚಪ್ಪಾಳೆ ತಟ್ಟಿದರು, ದಿಶಾಗೆ. ಮುದುಕಿ ಅವಳ ಕೈಗೊಂದು ಸೀಬೆಹಣ್ಣು ಇಟ್ಟು, ಕೆನ್ನೆ ಹಿಂಡಿ, ದಬ್ಬೆಯನ್ನು ಹೆಗಲಿಗೇರಿಸಿ, ನನ್ನ ಕೊಡೆಯ ಸಮೇತ ಹೊರಟುಹೋದಳು. ಕರೆಯುವ ಧೈರ್ಯ ನನಗಾಗಲಿಲ್ಲ. ನಿಜವಾದ ಗೈಡ್ ಎಲ್ಲಿಂದಲೋ ಏದುಸಿರು ಬಿಡುತ್ತ ಓಡಿಬಂದು ತನ್ನವರನ್ನು ಎಣಿಸತೊಡಗಿದ.

ನಾನು ಮರದಡಿಯ ಬೆಂಚಿನ ಮೇಲೆ ಕುಸಿದು, ಬೆವರೊರೆಸಿಕೊಳ್ಳುತ್ತ ನೀರನ್ನೇ ನೋಡುತ್ತ ಕೂತೆ.

ಅಷ್ಟರಲ್ಲಿ ಗುಂಪಿನ ಅತಿ ಹಿರಿಯ ಅಜ್ಜಿಯೊಬ್ಬಳು ದಿಶಾ ಹತ್ತಿರ ಬಂದಳು. ನನ್ನ ಕಡೆ ಕರುಣೆಯಿಂದ ನೋಡಿ, ತನ್ನ ಮೊಬೈಲಿಗೆ ಏನೋ ಹೇಳಿದಳು. ಮೊಬೈಲು ಅದನ್ನು ಇಂಗ್ಲಿಷಿನಲ್ಲಿ ಉಲಿಯಿತು. ದಿಶಾ ಕಿಸಕ್ಕನೆ ನಕ್ಕು ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸಿದಳು:

“ಅಮ್ಮಾ, ಈ ಅಜ್ಜಿ ಕೇಳ್ತಿದ್ದಾರೆ. ಕಣ್ಣು ಮುಚ್ಕೊಂಡು ಬಂದ ಆ ವಯಸ್ಸಾದವರು ಯಾವ ಗುಂಪಿನಿಂದ ತಪ್ಪಿಸ್ಕೊಂಡಿದ್ದಾರೆ? ಪಾಪ, ಯಾರೂ ಹುಡುಕ್ಕೊಂಡು ಬರದಿದ್ರೆ ನಮ್ ಬಸ್ಸಲ್ಲಿ ಸೀಟಿದೆ, ನಾವೇ ಕರ್ಕೊಂಡು ಹೋಗ್ತೀವಿ, ಅಂತ!”

ರತ್ನಪ್ರಭಾ ಒಂದು ಕ್ಷಣವೂ ಯೋಚಿಸಲಿಲ್ಲ.

“ಅವರ ಟೂರು ಎಷ್ಟು ದಿನದ್ದು ಕೇಳು ಪುಟ್ಟೀ!”